ಕುರುಡು ಕಿಟಕಿಗೆ ಕಾವಲು

ಹುಟ್ಟಿದಂದಿನಿಂದ ಬರೀ ಸುಳ್ಳು ಹೇಳಿಕೊಂಡೇ ನಿಂತವನಿಗೆ ಸರ್ಕಾರವೇ ಕಾವಲು ಕೊಟ್ಟಿದೆ, ಯಾರವನು? ಮಂತ್ರಿ ಅಂದಿರಾ? ತಪ್ಪು, ಅವನೊಂದು ಕಿಟಕಿ.

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಜಮೀನ್ದಾರನೊಬ್ಬನ ಹಳೇ ಬಂಗಲೆ. ಸರ್ಕಾರ ಕಾಪಾಡುವ ಕಟ್ಟಡಗಳ ಪಟ್ಟಿಯಲ್ಲಿ ಅದೂ ಇದೆ, ಅಪ್ಪಣೆಯಿಲ್ಲದೆ ಅಲ್ಲಿ ಏನನ್ನೂ ಬದಲಿಸುವಂತಿಲ್ಲ. ಬಾಗಿಲಿನ ಎಡಕ್ಕೆ ಎಷ್ಟು ಕಿಟಕಿಯೋ ಬಲಕ್ಕೂ ಅಷ್ಟೇ ಇರಬೇಕು ಅನ್ನುವುದು ಕಟ್ಟಿದವರ ಹಟ. ಬಲಗಡೆ ಒಂದು ಕಡೆ ಒಳಗಿನ ಹೊಗೆಗೂಡು ಅಡ್ಡ ಬಂತು. ಅವರೇನು ಬಿಟ್ಟಾರೆ? ಇಟ್ಟಿಗೆ ಗೋಡೆಯ ಮೇಲೆಯೇ ಗಾಜು, ಪರದೆ ಎಲ್ಲವನ್ನೂ ಬಣ್ಣದಲ್ಲಿ ಬರೆದು ಒಂದು ಕುರುಡು ಕಿಟಕಿ ಮಾಡಿಬಿಟ್ಟರು.

ಅದರ ಪಕ್ಕದ ಮರದ ಕಿಟಕಿಯನ್ನು ಈಗಿನ ಯಜಮಾನ ಕಿತ್ತು, ಹೊಸ ಪ್ಲಾಸ್ಟಿಕ್ ಕಿಟಕಿ ಕೂರಿಸಿದ್ದ.

"ಏನಜ್ಜಾ, ಪರದೆ ಒಗೆಸಿ ಎಷ್ಟು ಕಾಲವಾಯ್ತು?" ಎಂದಿತು ಪ್ಲಾಸ್ಟಿಕ್ಕು. "ಹಳೇ ಕಟ್ಟಡ ಕಾಯುವ ಅಧಿಕಾರಿ ಇವತ್ತು ಬರ್ತಾಳಂತೆ. ನೀನು ಸುಳ್ಳು ಅಂತ ಗೊತ್ತಾದರೆ ಒಡೆಸಿಬಿಡ್ತಾಳೆ."

"ಕಟ್ಟಿದವರು ನನ್ನನ್ನು ಹೀಗೇ ಮಾಡಿದರು ತಮ್ಮಾ," ಎಂದಷ್ಟೇ ಹೇಳಿತು ಕುರುಡು ಕಿಟಕಿ.

ಅಧಿಕಾರಿ ಬಂದು ಅದನ್ನು ಬೆರಳಲ್ಲಿ ತಟ್ಟಿದಳು. "ಇದು ಮೊದಲಿಂದಲೂ ಸುಳ್ಳು, ಸುಳ್ಳಾಗಿಯೇ ಇರಲಿ. ಯಾರೂ ಮುಟ್ಟಬೇಡಿ." ಆಮೇಲೆ ಪಕ್ಕದ್ದನ್ನು ತೆರೆದು ಮುಚ್ಚಿ ನೋಡಿದಳು. "ಚೆನ್ನಾಗಿ ಕೆಲಸ ಮಾಡುತ್ತೆ. ಕಿತ್ತುಹಾಕಿ."

"ಅಮ್ಮಾ, ನಾನು ನಿಜವಾದ ಕಿಟಕಿ," ಎಂದು ಪ್ಲಾಸ್ಟಿಕ್ಕು ಗೋಗರೆಯಿತು.

"ನಿಜ ಕಣಪ್ಪ. ಆದರೆ ಯಾರನ್ನು ಕೇಳಿ ಇಲ್ಲಿ ಕೂತೆ?"

ಪ್ಲಾಸ್ಟಿಕ್ಕು ಲಾರಿ ಹತ್ತುವಾಗ ಕುರುಡು ಕಿಟಕಿ ಅದಕ್ಕೆ ಕಣ್ಣು ಹೊಡೆಯಿತು. ಕುರುಡು ಕಿಟಕಿಗೆ ಕಣ್ಣೆಲ್ಲಿಂದ ಬಂತು ಅಂತ ಕೇಳಬೇಡಿ, ಈ ಕೊನೆಯನ್ನು ನಾನೇ ಕಟ್ಟಿದ್ದು.