ಉಪವಾಸದ ಕೌದಿ

ಒಂದಾನೊಂದು ಕಾಲದಲ್ಲಿ, ದೊರೆಗಳಿಗೂ ನಮ್ಮ ಹಾಗೇ ಆಕಳಿಕೆ ಬರುತ್ತಿದ್ದ ಕಾಲದಲ್ಲಿ, ಕಲ್ಲುಗುಂದಿ ಅಂತ ಒಂದು ಸೀಮೆ ಇತ್ತಂತೆ. ಅಲ್ಲಿನ ದೊರೆಗೆ ಆಕಳಿಕೆ ಬರುತ್ತಿತ್ತು, ನಿದ್ದೆ ಮಾತ್ರ ಬರುತ್ತಿರಲಿಲ್ಲವಂತೆ. ಯಾರು ಏನಂದರು, ಯಾರು ಯಾಕೆ ನಕ್ಕರು, ಬರೀ ಅದೇ ಅನುಮಾನ. ಹ್ಞೂಂ ಅನ್ನು ಕಂದ, ನೀನು ಹ್ಞೂಂ ಅಂದರೇ ಕತೆ ಮುಂದಕ್ಕೆ ನಡೆಯೋದು.

ಆಮೇಲೆ ಆ ದೊರೆ ಅರಮನೆ ಹಿಂದೆ ಒಂದು ಚಪ್ಪರ ಹಾಕಿಸಿ, ದುರುಗವ್ವ ಅನ್ನೋ ಮುದುಕಿಯನ್ನು ಅಲ್ಲಿ ಕೂರಿಸಿ, ಹುಡುಗಿಯರಿಗೆ ಕೌದಿ ಹೊಲಿಯೋದು ಕಲಿಸು ಅಂದನಂತೆ. ಹೆಸರಿಗೆ ಕೌದಿ, ಕಲಿಸೋದು ಬೇಹುಗಾರಿಕೆ. ಹಳೇ ಸೀರೆಗಳನ್ನು ಜಗಲಿ ಮೇಲೆ ಹರವಿಕೊಂಡು ತಲೆ ಬಗ್ಗಿಸಿ ಕೂತವಳ ಮುಂದೆ ಮನೆಯವರು ಏನು ಬೇಕಾದರೂ ಆಡುತ್ತಾರಲ್ಲ, ಹೊಲಿಯೋಳಿಗೂ ಎರಡು ಕಿವಿ ಇದಾವೆ ಅಂತ ಯಾರಿಗೆ ನೆನಪಿರುತ್ತೆ?

ಕಲಿಯೋದಕ್ಕೆ ಮೂವರು ಬಂದರಂತೆ. ತಿಪ್ಪಿ ಅಂದರೆ ಬಾಯಾಳಿ, ಪಕೀರಿ ಅಂದರೆ ಹಟಮಾರಿ, ನಿಂಬಿ ಅಂದರೆ ಮಾತೇ ಇಲ್ಲ, ಮೂಲೆಯಲ್ಲಿ ಕೂತು ಎಲ್ಲಾ ನೋಡೋಳು. ಬಂದ ದಿನವೇ ದುರುಗವ್ವ ಮೂವರ ಕಣ್ಣಿಂದ ನಿದ್ದೆ ತೆಗೆದು, ಒಂದೊಂದು ಬಟ್ಟೆ ಚೂರಲ್ಲಿ ಗಂಟು ಕಟ್ಟಿ, ಚಪ್ಪರದ ಗಳಕ್ಕೆ ನೇತುಹಾಕಿದಳಂತೆ. ತೂಕಡಿಸೋ ಕಿವಿ ನಂಬೋ ಅಂಥ ಕಿವಿಯಲ್ಲ, ಮೂರು ಪರೀಕ್ಷೆ ಗೆಲ್ಲಿ, ನಿಮ್ಮ ನಿದ್ದೆ ತಗೊಂಡು ಮನೆಗೆ ಹೋಗಿ ಅಂದಳಂತೆ. ನಿಂಬಿಯ ಗಂಟು ಅವಳವ್ವನ ಹಸಿರು ಸೀರೆಯ ಅಂಚು. ಗಾಳಿ ಬಂದಾಗಲೆಲ್ಲ ಅದು ತೂಗಾಡೋದು, ಇವಳು ಕತ್ತೆತ್ತಿ ನೋಡೋದು.

ಆಮೇಲೆ ಏನಾಯಿತು ಅಂದರೆ, ಮಲಗಿದರೂ ನಿದ್ದೆ ಇಲ್ಲ, ಕೂತರೂ ನಿದ್ದೆ ಇಲ್ಲ, ಕಣ್ಣಲ್ಲಿ ಮರಳು ಹಾಕಿದ ಹಾಗೆ. ಕೆಲಸ ಬಿಟ್ಟ ಹೊತ್ತಲ್ಲಿ ಮೂವರೂ ಸರದಿ ಮೇಲೆ ಒಬ್ಬಳ ತೊಡೆ ಮೇಲೆ ಇನ್ನೊಬ್ಬಳು ತಲೆಯಿಟ್ಟು, ನೆನಪಿದ್ದ ಹಳೇ ಕನಸುಗಳನ್ನು ಹೇಳಿಕೊಳ್ಳೋರಂತೆ. ಲೇ ನಿಂಬಿ, ನಿನ್ನ ಹುಣಸೇಮರದ ಕನಸು ಹೇಳೆ ಅಂತ ತಿಪ್ಪಿ. ನಿನ್ನೆ ತಾನೇ ಹೇಳಿದೆನಲ್ಲೆ ಅಂತ ಇವಳು. ನಿನ್ನೆ ಅದರಲ್ಲಿ ನಾನಿರಲಿಲ್ಲ, ಇವತ್ತು ನನ್ನನ್ನೂ ಒಂದು ಕೊಂಬೆ ಮೇಲೆ ಕೂರಿಸು ಅಂತ ಅವಳು. ನೀನು ಕೂತರೆ ಕೊಂಬೆ ಮುರಿಯುತ್ತೆ ಅಂತ ಪಕೀರಿ. ಅಷ್ಟರಲ್ಲೇ ಅವರಿಗೆ ಒಂದು ಚೂರು ಹಗುರ.

ಮೊದಲನೇ ಪರೀಕ್ಷೆಗೆ ದುರುಗವ್ವ ಒಬ್ಬೊಬ್ಬಳನ್ನು ಒಂದೊಂದು ಮನೆಗೆ ಕಳಿಸಿದಳಂತೆ, ನಿಂಬಿಯನ್ನು ಕುಂಬಾರರ ಮನೆಗೆ. ಕುಂಬಾರ ಮಡಕೆ ತಟ್ಟುತ್ತಾ, ನಮ್ಮ ದೊರೆಯ ತಲೆ ಇದರ ಹಾಗೇ ಟೊಳ್ಳು ಅಂದ. ನಿಂಬಿ ಬಂದು ಹೇಳಿದಳು, ಗೆದ್ದಳು. ಮಾರನೇ ದಿನ ದೊರೆಯ ಆಳುಗಳು ಕುಂಬಾರನ ತಿಗರಿ, ಮಡಕೆ ಮಾಡೋ ಆ ಚಕ್ರವನ್ನೇ, ಹೊತ್ತೊಯ್ದರು. ಎರಡನೇ ಪರೀಕ್ಷೆಗೆ ಮದುವೆ ಮನೆ. ಮದುಮಗಳ ಅಜ್ಜಿ, ದೊರೆಗೆ ಕೊಡೋ ಬೆಲ್ಲದಲ್ಲಿ ಎರಡು ಅಚ್ಚು ಅಡಗಿಸಿಟ್ಟಿದೀನಿ ಕಣೇ ಅಂತ ಪಿಸುಗುಟ್ಟಿದಳು. ನಿಂಬಿ ಬಂದು ಹೇಳಿದಳು, ಗೆದ್ದಳು. ಇದ್ದ ಬೆಲ್ಲವೆಲ್ಲ ದೊರೆಯ ಆಳುಗಳ ಪಾಲು, ಆ ಮದುವೆಯಲ್ಲಿ ಹೋಳಿಗೆಯೇ ಇಲ್ಲ. ಆಮೇಲೆ ನಿಂಬಿ ಕುಂಬಾರರ ಬೀದಿಯಲ್ಲಿ ಹೋಗುವಾಗ ನೋಡುತ್ತಾಳೆ, ಅವನು ಸುಮ್ಮನೆ ಕೂತು ಮಣ್ಣಲ್ಲಿ ಬೆರಳಿಂದ ಸುತ್ತು ಹಾಕುತ್ತಿದ್ದಾನಂತೆ. ಗೆದ್ದ ಹಾಗೆಲ್ಲ ಅವಳಿಗೆ ಇನ್ನಷ್ಟು ದಣಿವು. ಒಂದೇ ಒಂದು ಸಲ ಮಲಗಿಬಿಟ್ಟರೆ ಸಾಕಪ್ಪಾ ಅನ್ನಿಸೋದಂತೆ.

ಈಗ ಕೇಳು. ಕೌದಿ ಹೊಲಿಯೋರಿಗೆ ಒಂದು ಪದ್ಧತಿ. ಕೊನೇ ಮೂಲೆ ಮುಚ್ಚೋ ಮೊದಲು ಅದರೊಳಗೆ ಒಂದು ಚೂರು ಒಣ ರೊಟ್ಟಿ ಇಡಬೇಕು. ಕೌದಿಯ ಹೊಟ್ಟೆ ಖಾಲಿ ಇದ್ದರೆ ಹೊದ್ದವರಿಗೆ ನಿದ್ದೆ ಬರೋದಿಲ್ಲ. ಆದರೆ ಆ ದೊರೆ, ರೊಟ್ಟಿ ಇಡೋ ಜಾಗದಲ್ಲಿ ಯಾರಾದರೂ ನನಗೆ ಮಾಟದ ತಾಯಿತ ಇಟ್ಟರೆ ಅಂತ ಹೆದರಿ, ಯಾರೂ ಕೌದಿಗೆ ಉಣ್ಣಿಸಕೂಡದು, ಉಣ್ಣಿಸಿದ ಕೈ ಕತ್ತರಿಸುತ್ತೀನಿ ಅಂತ ಡಂಗುರ ಹೊಡೆಸಿದ್ದನಂತೆ.

ಮೂರನೇ ಪರೀಕ್ಷೆಗೆ ದೊರೆಗೇ ಕೌದಿ ಹೊಲಿಯಬೇಕು, ಮೂವರೂ ಸೇರಿ. ಆದರೆ ದುರುಗವ್ವ ಒಬ್ಬೊಬ್ಬಳನ್ನೇ ಕರೆದು, ನಿನ್ನ ಗೆಳತಿಯರ ಮೇಲೆ ಕಣ್ಣಿಡು, ತಪ್ಪು ಕಂಡರೆ ದೊರೆಗೆ ಹೇಳು, ಹೇಳಿದವಳ ಗಂಟು ಅಲ್ಲೇ ಬಿಚ್ಚುತ್ತೀನಿ, ಮುಚ್ಚಿಟ್ಟವಳ ಗಂಟು ಒಲೆಗೆ ಅಂದಳಂತೆ.

ಮೂವರೂ ಹೊಲಿದರು. ಕೊನೇ ಮೂಲೆ ನಿಂಬಿಯ ಮಡಿಲಲ್ಲಿತ್ತು. ಆಗ ಪಕೀರಿ, ಪಾಪ, ಇದೊಂದು ಉಪವಾಸ ಯಾಕಿರಬೇಕು ಅಂತ ಗೊಣಗುತ್ತಾ, ಸೆರಗಿಂದ ರೊಟ್ಟಿ ಚೂರು ತೆಗೆದು ಒಳಗೆ ತಳ್ಳಿಯೇಬಿಟ್ಟಳು. ನಿಂಬಿ ನೋಡಿದಳು. ಅವಳು ನೋಡಿದ್ದನ್ನು ಪಕೀರಿಯೂ ನೋಡಿದಳು. ನಿಂಬಿ ಮೂಲೆ ಮುಚ್ಚಿ ಹೊಲಿದು ದಾರ ಕಡಿದಳು.

ಆಮೇಲೆ ದೊರೆ ತಾನೇ ಬಂದ, ಕೌದಿ ತರೋ ಆಳಿನ ಮೇಲೂ ನಂಬಿಕೆಯಿಲ್ಲವಲ್ಲ. ಕಣ್ಣು ಕೆಂಡ, ಮುಖ ಬೂದಿ. ಏನು ಕಂಡೆ ಅಂತ ತಿಪ್ಪಿಯನ್ನು ಕೇಳಿದ. ಅಷ್ಟು ಮಾತಾಡೋ ತಿಪ್ಪಿ ಹಲ್ಲಲ್ಲಿ ಸೂಜಿ ಕಚ್ಚಿಕೊಂಡು ಉಂಹೂಂ ಉಂಹೂಂ ಅಂದಳೇ ಹೊರತು ಸೂಜಿ ತೆಗೆಯಲಿಲ್ಲ. ಪಕೀರಿಯನ್ನು ಕೇಳಿದ. ಅವಳು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡು ನೆಲ ನೋಡಿದಳು. ಆಮೇಲೆ ನಿಂಬಿ. ಗಾಳಿ ಬೀಸಿತು, ಮೇಲೆ ಹಸಿರು ಗಂಟು ತೂಗಿತು. ಅವಳವ್ವನ ಮಡಿಲಿನ ವಾಸನೆ ಬಂದ ಹಾಗಾಯಿತು. ಒಂದು ಮಾತು ಸಾಕಿತ್ತು ಕಂದ, ಒಂದೇ ಮಾತು.

ನಾನು ನೋಡಲಿಲ್ಲ ದೊರೆ, ನಿದ್ದೆ ಬಂದುಬಿಟ್ಟಿತ್ತು ಅಂದಳಂತೆ.

ದೊರೆ ಗಹಗಹಿಸಿದ. ನಿನ್ನ ನಿದ್ದೆ ಅಗೋ ಗಳದ ಮೇಲಿದೆ, ಎಲ್ಲಿಂದ ಬಂತೇ ಅಂದ. ಈ ಕೌದಿ ಮಡಿಲಲ್ಲಿತ್ತಲ್ಲ, ಅದರಿಂದಲೇ ಇರಬೇಕು ಅಂದಳು ನಿಂಬಿ. ಹುಟ್ಟಿದ ಮೇಲೆ ಅವಳು ಸುಳ್ಳು ಆಡಿದ್ದು ಆವತ್ತೇ ಮೊದಲು. ದೊರೆಯ ನಗು ನಿಂತಿತು. ಮುದುಕೀ, ಮೂಲೆ ಮುಟ್ಟಿ ನೋಡು ಅಂದ.

ದುರುಗವ್ವ ಮುಟ್ಟಿದಳು. ಅವಳ ಬೆರಳು ಅಲ್ಲೇ ನಿಂತವು. ಗಳದ ತುದಿಯಲ್ಲಿ ಬಣ್ಣ ಹೋದ ಒಂದು ಹಳೇ ಗಂಟಿತ್ತು, ಯಾರದು ಅಂತ ಹುಡುಗಿಯರು ಯಾವತ್ತೂ ಕೇಳಿರಲಿಲ್ಲ. ಮುದುಕಿ ಅದನ್ನೊಮ್ಮೆ ನೋಡಿದಳು, ಪಕೀರಿಯ ಬೆನ್ನ ಹಿಂದಿನ ಕೈ ನೋಡಿದಳು.

ಏನೂ ಇಲ್ಲ ದೊರೆ, ಖಾಲಿ ಅಂದಳಂತೆ.

ದೊರೆ ಕೌದಿಯನ್ನು ಹೆಗಲಿಗೆ ಎಳಕೊಂಡ. ನೋಡೋಣ ಅಂದ. ನೋಡೋ... ಅಂದ. ಅಷ್ಟೇ, ಚಪ್ಪರದ ನೆಲದ ಮೇಲೇ ಗೊರಕೆ. ದುರುಗವ್ವ ಗಳದಿಂದ ಎಲ್ಲಾ ಗಂಟು ಇಳಿಸಿ ಬಿಚ್ಚಿದಳು, ತನ್ನದನ್ನು ಕೊನೆಗೆ. ಬಿಚ್ಚಿದ್ದೇ ನಿಂಬಿಯ ತೊಡೆ ಮೇಲೆ ಒರಗಿದಳು. ನಿಂಬಿ ತಿಪ್ಪಿಯ ಮೇಲೆ, ತಿಪ್ಪಿ ಪಕೀರಿಯ ಮೇಲೆ. ಆವತ್ತಿನ ಕನಸಲ್ಲಿ ಹುಣಸೇಮರದ ಕೊಂಬೆ ಮುರಿಯಲಿಲ್ಲವಂತೆ.

ಎಷ್ಟೋ ಹೊತ್ತಾದ ಮೇಲೆ ದೊರೆ ಎದ್ದು, ಹಸಿವು, ರೊಟ್ಟಿ ಇದೆಯಾ ಅಂದನಂತೆ. ಪಕೀರಿ ಕೌದಿಯ ಮೂಲೆ ತೋರಿಸಿದಳು. ದೊರೆ ಮುಟ್ಟಿ ನೋಡಿದ, ಮಾಟವೂ ಅಲ್ಲ, ತಾಯಿತವೂ ಅಲ್ಲ, ಬರೀ ಒಣ ರೊಟ್ಟಿ ಚೂರು. ಆಮೇಲೆ ಡಂಗುರ ವಾಪಸ್ಸು, ಕುಂಬಾರನ ತಿಗರಿ ವಾಪಸ್ಸು. ಮದುವೆ ಮನೆಯ ಅಜ್ಜಿಗೆ ದೊರೆಯೇ ಬೆಲ್ಲ ಕಳಿಸಿದ. ಮೂವರು ಗೆಳತಿಯರೂ ಊರೂರು ತಿರುಗಿ ಕೌದಿ ಹೊಲಿದುಕೊಂಡು ಇದ್ದರಂತೆ. ಎಲ್ಲರ ಮಾತೂ ಕೇಳೋರಂತೆ, ಯಾರಿಗೂ ಹೇಳುತ್ತಿರಲಿಲ್ಲವಂತೆ.

ನಿನ್ನ ಕೌದಿಯ ಮೂಲೆ ಮುಟ್ಟಿ ನೋಡು. ಗಟ್ಟಿಯಾಗಿ ಏನೋ ಸಿಗುತ್ತಲ್ಲ, ಅದೇ. ಹ್ಞೂಂ ಅನ್ನು ಕಂದ. ಹ್ಞೂಂ ಅನ್ನೋದಿಲ್ಲವಾ? ಸರಿ ಹಾಗಾದರೆ, ಮೂಲೆ ಮುಚ್ಚಿದ್ದಾಯಿತು, ದಾರ ಕಡಿದಿದ್ದಾಯಿತು, ಕತೆ ಮುಗೀತು.