ಚಪ್ಪಾಳೆಗೆ ಎದ್ದ ಹೆಬ್ಬಾತುಗಳು

ಕೆರೆಯ ದಂಡೆಗೆ ಒಂದು ಸಣ್ಣ ಮಠ. ಅಲ್ಲಿ ನಿರ್ವಾಣಜ್ಜ ಎಂಬ ಗುರು ಇದ್ದರು. ಎಲ್ಲರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಅಜ್ಜಾರು ಒಮ್ಮೊಮ್ಮೆ ಜಪ ತಪ್ಪಿಸಿದ್ದುಂಟು. ಆದರೆ ಶೀಗಿ ಹುಣ್ಣಿಮೆ ಕಳೆದು ಚಳಿ ಬೀಳುವ ದಿನಗಳಲ್ಲಿ ಕೆರೆಯ ಏರಿಯ ಮೇಲೆ ಕೂರುವುದನ್ನು ತಪ್ಪಿಸಿದವರಲ್ಲ.

ಆಗ ಹಿಮಾಲಯದ ಆಚೆಯಿಂದ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕರಿ ಪಟ್ಟೆ. ಅಷ್ಟೆತ್ತರದ ಬೆಟ್ಟಗಳನ್ನು ಬರೀ ರೆಕ್ಕೆಯ ಬಲದಲ್ಲಿ ದಾಟಿ ಬಂದು, ಪಕ್ಕದ ಓಣಿಯಿಂದ ಬಂದವರ ಹಾಗೆ ನೀರಿಗಿಳಿಯುತ್ತವೆ. ಇಂಥ ಹಕ್ಕಿಗೆ ಕೈ ಮುಗಿಯದೆ ಇನ್ಯಾರಿಗೆ ಮುಗಿಯಬೇಕೋ, ನನಗಂತೂ ತಿಳಿಯದು.

ಆ ವರ್ಷ ಅಜ್ಜಾರ ಬಳಿಗೆ ಅಡಿವೆಪ್ಪ ಎಂಬವನು ಬಂದ. ಮದುವೆಗಳ ಫೋಟೋ ತೆಗೆಯುವವನು. ಅವನು "ಇಲ್ಲಿ ನೋಡ್ರಿ" ಎನ್ನುವ ತನಕ ವರ ತಾಳಿ ಹಿಡಿದುಕೊಂಡೇ ನಿಂತಿರಬೇಕಿತ್ತು. ಯಾರಾದರೂ ಬೇರೆ ಕಡೆ ನೋಡಿದರೆ ಜೋರಾಗಿ ಚಪ್ಪಾಳೆ ತಟ್ಟಿ ತಿರುಗಿಸುತ್ತಿದ್ದ.

"ಅಜ್ಜಾರ, ನಗ್ರಿ ಅಂದಕೂಡ್ಲೆ ನಗೋ ಮಂದಿನ್ನ ತೆಗೆದು ತೆಗೆದು ಸಾಕಾಗೇತ್ರಿ. ಹಕ್ಕಿ ಫೋಟೋ ತೆಗಿಯೋದು ಕಲಸ್ರಿ."

"ನನಗ ಕ್ಯಾಮೆರಾ ಹಿಡಿಯಾಕ ಬರಂಗಿಲ್ಲೋ ತಮ್ಮಾ."

"ಹಕ್ಕಿ ನೋಡಾಕ ಬರತೈತಲ್ರಿ."

"ಅದನ್ನೂ ಇನ್ನ ಕಲ್ಯಾಕತ್ತೀನಿ. ಬಾ, ಕೂಡು."

ಅಡಿವೆಪ್ಪ ಕೂತ. ಕೆರೆ ಖಾಲಿ ಇತ್ತು. ದಿನವೂ ಕೂತು, ಖಾಲಿ ಕೆರೆ ನೋಡಿ, ಮಠದ ರೊಟ್ಟಿ ತಿಂದು ಮಲಗಿದ.

ಒಂದು ಬೆಳಗ್ಗೆ ಬಡಗಣ ದಿಕ್ಕಿನಿಂದ ದನಿ ಕೇಳಿತು. ಆಮೇಲೆ ಆಕಾಶದಲ್ಲಿ ಒಂದು ಗೆರೆ ಕಂಡಿತು. ಗೆರೆ ಹತ್ತಿರ ಬಂದು ಹಕ್ಕಿಗಳಾಯಿತು. ಅವು ಕಾಲು ಚಾಚಿ, ರೆಕ್ಕೆ ಹಿಂದಕ್ಕೆಳೆದು, ನೀರು ಸೀಳಿಕೊಂಡು ಇಳಿದವು. ಅಡಿವೆಪ್ಪ ಬಾಯಿ ತೆರೆದುಕೊಂಡು ನೋಡಿದ. ಅಜ್ಜಾರ ಕಣ್ಣಲ್ಲಿ ನೀರು ಬಂತು.

"ಈ ವರ್ಷಾನೂ ಬಂದ್ವು," ಎಂದರು. "ನಾನೂ ಇದ್ದೆ."

"ಯಾವಾಗ ತೆಗೀಲ್ರಿ ಅಜ್ಜಾರ?"

"ದೂರದಿಂದ ಬಂದಾವು. ಉಸರಾ ತಗೊಳ್ಳಿ."

ಇಷ್ಟು ಹೇಳಿ ಅಜ್ಜಾರು ಪೂಜೆಗೆ ಹೋದರು.

ಹಕ್ಕಿಗಳು ದಣಿದಿದ್ದವು. ಕುತ್ತಿಗೆ ಮುದುರಿ, ಕಲ್ಲುಗುಂಡಿನ ಹಾಗೆ ನೀರಿನ ಮೇಲೆ ಕೂತಿದ್ದವು. ಅವುಗಳ ಹಿಂದೆ ಸೂರ್ಯ ಕೆಂಪಗೆ ಏರುತ್ತಿದ್ದ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಸಜ್ಜಾಗಿತ್ತು. ಇವು ಒಂದು ಸಲ ಎದ್ದರೆ ಸಾಕು ಎಂದು ಅಡಿವೆಪ್ಪನಿಗೆ ಅನಿಸಿತು. ಅನಿಸಿದ್ದೇ ತಡ, ಹಳೇ ಚಾಳಿ ಕೈಗೆ ಬಂತು.

ಚಪ್ಪಾಳೆ ತಟ್ಟಿದ.

ಇಡೀ ಹಿಂಡು ಒಮ್ಮೆಲೇ ಎದ್ದಿತು. ತಟ್ಟಿದ ಕೈಯೇ ಬಟನ್ ಒತ್ತಿತು. ಹಕ್ಕಿಗಳು ಕೆರೆಯ ಮೇಲೆ ಒಂದು ಸುತ್ತು ಹಾಕಿ ತೆಂಕಣಕ್ಕೆ ಹೋದವು. ಸಂಜೆಯಾದರೂ ಬರಲಿಲ್ಲ.

ಅಡಿವೆಪ್ಪ ಕ್ಯಾಮೆರಾ ಹಿಡಿದುಕೊಂಡು ಮಠಕ್ಕೆ ಬಂದ. ಅಜ್ಜಾರು ಅದರ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಭಾಳ ಚಲೋ ಬಂದೈತಿ," ಎಂದರು. ನಿಜಕ್ಕೂ ಚೆನ್ನಾಗಿತ್ತು. ಕೆಂಪು ಆಕಾಶದ ತುಂಬ ರೆಕ್ಕೆಗಳಿದ್ದವು. "ಹಕ್ಕಿ ಎಲ್ಲೆದಾವು?"

"ಇದರಾಗ ಅದಾವಲ್ರಿ."

"ಕೆರ್‍ಯಾಗ?"

ಅಡಿವೆಪ್ಪ ತೆಂಕಣದ ಕಡೆ ಕೈ ತೋರಿಸಿದ.

"ಹೆಂಗ ಎದ್ದುವು?"

"ಚಪ್ಪಾಳಿ ತಟ್ಟಿದ್ನಿರಿ."

ಅಜ್ಜಾರು ಬೈಯಲಿಲ್ಲ. "ಇದನ್ನ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿಕೊಂಡು ಬಾ," ಎಂದರು.

ಅಡಿವೆಪ್ಪನಿಗೆ ಜೀವ ಬಂದಂತಾಯಿತು. ಫೋಟೋ ಮಠದ ಗೋಡೆ ಏರುತ್ತದೆ ಎಂದುಕೊಂಡ. ಪೇಟೆಗೆ ಹೋಗಿ ಚಂದದ ಕಟ್ಟು ಹಾಕಿಸಿಕೊಂಡು ಬಂದ. ಅಜ್ಜಾರು ಅದನ್ನು ಕೆರೆಯ ಏರಿಗೆ ಹೊತ್ತುಕೊಂಡು ಹೋಗಿ ಬೇವಿನ ಮರಕ್ಕೆ ಒರಗಿಸಿ ಇಟ್ಟರು.

"ಇದರ ಮಗ್ಗಲಕ ಕೂಡು. ಹಕ್ಕಿ ನೋಡಾಕ ಮಂದಿ ಬರ್ತಾರ. ಅವರಿಗೆ ಇದನ್ನ ತೋರಸು. ಹಕ್ಕಿ ತಿರುಗಿ ಬರೋ ತನಕ ನಿನಗ ಇದ ಪಾಠ."

"ಬರದಿದ್ರ, ಅಜ್ಜಾರ?"

"ನಾನೂ ಇದನ್ನ ನೋಡ್ಕೋತ ಕೂಡ್ತೀನಿ. ಮುಂದಿನ ವರ್ಷ ನಾ ಇರ್ತೀನೋ ಇಲ್ಲೋ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಡಿವೆಪ್ಪ ತಡೆದುಕೊಳ್ಳುತ್ತಿದ್ದನೇನೋ. ಈ ಮುದುಕರು ವರ್ಷವಿಡೀ ಕಾದದ್ದನ್ನು ನಾನು ಓಡಿಸಿಬಿಟ್ಟೆ ಎಂಬುದು ಅವನ ಎದೆಯಲ್ಲಿ ಹೋಗಿ ಕೂತಿತು.

ಮಂದಿ ಬಂದರು. ಫೋಟೋ ನೋಡಿ ಭೇಷ್ ಎಂದರು. ಆಮೇಲೆ ಕೆರೆಯ ಕಡೆ ತಿರುಗಿ, "ಹಕ್ಕಿ ಎಲ್ಲೆಪಾ?" ಎಂದು ಕೇಳಿದರು.

"ನಾ ಎಬ್ಬಿಸಿಬಿಟ್ಟೆ," ಎಂದು ಅಡಿವೆಪ್ಪ ಪ್ರತಿಯೊಬ್ಬರಿಗೂ ಹೇಳಬೇಕಾಯಿತು.

ಒಂದು ಮಧ್ಯಾಹ್ನ ನೆರೆಯೂರಿನ ಗುರುಸಿದ್ದವ್ವ ಬಂದಳು. ಪ್ರತಿ ವರ್ಷವೂ ಬುತ್ತಿ ಕಟ್ಟಿಕೊಂಡು ಹಕ್ಕಿ ನೋಡಲು ಬರುವ ಮುದುಕಿ. ಫೋಟೋದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು.

"ಚಂದ ಐತಿ ಯಪ್ಪಾ. ಆದರ ಎಲ್ಲಾ ಕುಂಡಿನ ಅದಾವಲ್ಲೋ. ಮಾರಿ ಒಂದೂ ಇಲ್ಲ."

ಅವಳು ಹೋದ ಮೇಲೆ ಅಡಿವೆಪ್ಪ ಮೂಲೆಯಿಂದ ಮೂಲೆಗೆ ಹುಡುಕಿದ. ಬಾಲ ಕಂಡಿತು, ಬೆನ್ನು ಕಂಡಿತು, ರೆಕ್ಕೆಯ ಕೆಳಭಾಗ ಕಂಡಿತು. ಅವನ ಕಡೆ ಮುಖ ಮಾಡಿದ ಒಂದೇ ಒಂದು ಹಕ್ಕಿ ಇರಲಿಲ್ಲ. ಜೀವಮಾನವಿಡೀ "ಇಲ್ಲಿ ನೋಡ್ರಿ" ಎಂದವನಿಗೆ ಇದು ಈ ತನಕ ಕಂಡಿರಲಿಲ್ಲ.

ಸಂಜೆ ಅಜ್ಜಾರಿಗೆ ಹೇಳಿದ. "ಒಂದೂ ಮಾರಿ ಇಲ್ರಿ."

"ಮದುವ್ಯಾಗ ಮಂದಿಯೆಲ್ಲಾ ನಿನಗ ಬೆನ್ನ ಮಾಡಿ ಓಡೋ ಫೋಟೋ ತೆಗೆದ್ರ, ಬೀಗರು ಏನಂತಾರ?"

"ಹಂದರಕ್ಕ ಬೆಂಕಿ ಬಿದ್ದಿತ್ತೇನು ಅಂತ ಕೇಳ್ತಾರ್ರಿ."

"ಅವಕ್ಕೂ ಹಂಗ ಅನಿಸಿರಬೇಕು ನೋಡು."

ಅಜ್ಜಾರು ನಕ್ಕರು. ಅಡಿವೆಪ್ಪನಿಗೆ ಅಳು ಬಂತು.

"ಬಂದ್ರ ಒಂದ ಒಂದು ಮಾರಿ ತೆಗೀತೀನ್ರಿ ಅಜ್ಜಾರ. ಅಷ್ಟ ಸಾಕು."

ಮರುದಿನದಿಂದ ಅವನು ಕೂರುವ ರೀತಿಯೇ ಬೇರೆಯಾಯಿತು. ಕ್ಯಾಮೆರಾ ತೊಡೆಯ ಮೇಲೆ ಇರುತ್ತಿತ್ತು. ಇರುವೆ ಕಚ್ಚಿದರೂ ಕೊಡವುತ್ತಿರಲಿಲ್ಲ. ಮೊದಲು ಒಂದು ನೀರುಕೋಳಿ ಹತ್ತಿರ ಬಂತು. ಆಮೇಲೆ ಬೆಳ್ಳಕ್ಕಿ ಅವನ ಮುಂದೆಯೇ ಮೀನು ಹಿಡಿಯಿತು. ಅವನ್ನೂ ಅವನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ, ನೋಡಿ ಬೆರಗಾದ. ಅಜ್ಜಾರು ಪಕ್ಕದಲ್ಲಿ ಕಂಬಳಿ ಹೊದ್ದು ಕೂತು, ಕೆಮ್ಮು ಬಂದರೆ ಕಂಬಳಿಯೊಳಗೆ ಕೆಮ್ಮುತ್ತಿದ್ದರು.

ಕಡಲೆ ಹೊಲ ಹಸಿರಾಗುವ ಹೊತ್ತಿಗೆ ಹೆಬ್ಬಾತುಗಳು ಬಂದವು.

ಕೆರೆಯ ಮೇಲೆ ಸುತ್ತು ಹಾಕಿದವು. ಇಳಿಯಲಿಲ್ಲ. ಮತ್ತೆ ಸುತ್ತು ಹಾಕಿದವು. ಅಡಿವೆಪ್ಪ ಎರಡೂ ಅಂಗೈಗಳನ್ನು ತೊಡೆಯ ಅಡಿಗೆ ಹಾಕಿಕೊಂಡು, ಅವುಗಳ ಮೇಲೆ ಭಾರ ಬಿಟ್ಟು ಕೂತ.

ಅವು ಇಳಿದವು.

ಒಂದು ಹಕ್ಕಿ ನೀರಿನಿಂದ ದಡಕ್ಕೆ ಹತ್ತಿ ಬಂತು. ಅಡಿವೆಪ್ಪ ಉಗುಳು ನುಂಗಲಿಲ್ಲ. ಹಕ್ಕಿ ಕುತ್ತಿಗೆ ನೀಳ ಮಾಡಿತು. ಒಂದು ಕಣ್ಣಿನಿಂದ ಅವನನ್ನು ನೋಡಿತು. ತಲೆ ತಿರುಗಿಸಿ ಇನ್ನೊಂದು ಕಣ್ಣಿನಿಂದಲೂ ನೋಡಿತು. ಅದರ ತಲೆಯ ಬಿಳುಪು, ಹಳದಿ ಕೊಕ್ಕು, ಆ ಎರಡು ಪಟ್ಟೆ, ಎಲ್ಲವೂ ಅವನಿಗೆ ಕಂಡವು. ಹಿಮದ ಬೆಟ್ಟ ದಾಟಿ ಬಂದ ಜೀವವೊಂದು ತನ್ನನ್ನು ನೋಡುತ್ತಿದೆ ಎಂದು ಅವನ ಮೈ ಜುಮ್ಮೆಂದಿತು. ಕ್ಯಾಮೆರಾ ಇದೆ ಎನ್ನುವುದೇ ಮರೆತುಹೋಯಿತು.

ನೆನಪಾಗುವಷ್ಟರಲ್ಲಿ ಹಕ್ಕಿ ಕುತ್ತಿಗೆ ಹಿಂದಕ್ಕೆ ಮಡಚಿ, ಕೊಕ್ಕನ್ನೂ ಮುಖವನ್ನೂ ಬೆನ್ನಿನ ಗರಿಗಳೊಳಗೆ ಹುದುಗಿಸಿ, ಒಂಟಿ ಕಾಲಲ್ಲಿ ನಿದ್ದೆ ಹೋಯಿತು.

"ತಗಿ," ಎಂದು ಅಜ್ಜಾರು ಪಿಸುಗುಟ್ಟಿದರು.

"ಹೋತ್ರಿ ಅಜ್ಜಾರ. ಮಾರಿ ಮುಚ್ಚಿಕೊಂಡುಬಿಟ್ಟೈತಿ. ಏನೂ ಕಾಣವಲ್ದು."

"ನಿನ್ನ ನೋಡಿದ ಮ್ಯಾಲ ಮಲಗೇತಿ. ತಗಿ."