ಸರೋವರ ಸುತ್ತಲು ಹೋದ ಅಡಿವೆಪ್ಪ

ಹುಬ್ಬಳ್ಳಿಯಲ್ಲಿ ಒಬ್ಬ ಕಾಶವ್ವ ಇದ್ದಳು. ಕಾಶವ್ವನಿಗೆ ಒಬ್ಬನೇ ಮಗ, ಅಡಿವೆಪ್ಪ. ಗಂಡ ತೀರಿಕೊಳ್ಳುವಾಗ ಬಟ್ಟೆ ಅಂಗಡಿ ಬಿಟ್ಟು ಹೋಗಿದ್ದ, ಎರಡು ಮಹಡಿಯ ಮನೆ ಬಿಟ್ಟು ಹೋಗಿದ್ದ, ಒಳ್ಳೆಯ ಕಾರು ಬಿಟ್ಟು ಹೋಗಿದ್ದ. ಬುದ್ಧಿಯೊಂದನ್ನು ತನ್ನ ಜೊತೆಗೇ ಒಯ್ದಿದ್ದ. ಅಡಿವೆಪ್ಪ ಕಾರನ್ನೇನೋ ಚೆನ್ನಾಗಿ ಹೊಡೆಯುತ್ತಿದ್ದ. ಎಡಕ್ಕೆ ಅಂದರೆ ಎಡಕ್ಕೆ, ಬಲಕ್ಕೆ ಅಂದರೆ ಬಲಕ್ಕೆ. ತೊಂದರೆ ಏನೆಂದರೆ, ಕಾರಿನಿಂದ ಇಳಿದ ಮೇಲೂ ಹಾಗೇ ಇರುತ್ತಿದ್ದ.

ಹೇಳಿದ ಮಾತು ಕೇಳುವ ಮಗ ಬೇಕು ಅಂತ ಎಲ್ಲ ತಾಯಂದಿರೂ ಹರಕೆ ಹೊರುತ್ತಾರೆ. ಕಾಶವ್ವನೂ ಹೊತ್ತಿದ್ದಳು. ದೇವರು ಒಂದು ಅಕ್ಷರ ಬಿಡದೆ ಆ ಹರಕೆ ತೀರಿಸಿದ.

ಮೂವತ್ತು ದಾಟಿದರೂ ಮದುವೆ ಇಲ್ಲ. ಹೋದ ಹೋದ ಮನೆಯಲ್ಲಿ ಉಪ್ಪಿಟ್ಟು ಸಿಗುತ್ತಿತ್ತು, ಹೆಣ್ಣು ಸಿಗುತ್ತಿರಲಿಲ್ಲ. ಕೊನೆಗೆ ಧಾರವಾಡದ ಬಸಲಿಂಗಪ್ಪನವರ ಮಗಳು ಸುಮಂಗಲಾ ಒಪ್ಪಿದಳು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಹುಡುಗಿ. ಒಪ್ಪಿದಳು, ಆದರೆ ಒಂದು ಕರಾರು ಹಾಕಿದಳು.

"ಹತ್ತ ವರ್ಷದಿಂದ ಇಟಲಿ ಸರೋವರನ ನಕಾಶಿ ಮ್ಯಾಲೆ ಕೋಲಿಲೆ ತೋರಿಸಿ ತೋರಿಸಿ ಸಾಕಾಗೈತ್ರಿ. ಕಣ್ಣಿಲೆ ನೋಡಬೇಕು. ಮದುವಿ ಆದ ಮ್ಯಾಲೆ, ಅಲ್ಲಿ ಬ್ಯಾಸಿಗಿ ಮುಗದು ದ್ರಾಕ್ಷಿ ಹಣ್ಣಾಗೋ ಹೊತ್ತಿಗೆ, ಕಾರಿನ್ಯಾಗ ಸರೋವರ ಸುತ್ತೋಣು. ಕಾರು ಅವರ ಹೊಡೀಬೇಕು. ತಯಾರಿನೂ ಅವರ ಮಾಡಬೇಕು."

ಮೊದಲರ್ಧ ಕೇಳಿ ಕಾಶವ್ವನ ಎದೆ ಅರಳಿತು, ಕೊನೆಯ ಮಾತು ಕೇಳಿ ಅಲ್ಲಿಗೇ ಮುದುಡಿತು. ತಯಾರಿ ಕೆಟ್ಟರೆ ಮದುವೆ ಕೆಟ್ಟಿತು. ಈ ಹೆಣ್ಣು ತಪ್ಪಿದರೆ ಇನ್ನೊಂದಿಲ್ಲ.

"ಹೋಗಪಾ ನನ್ನ ರಾಜಾ," ಅಂದಳು ಕಾಶವ್ವ. "ಟ್ರಾವೆಲ್ಸ್ ಆಫೀಸಿಗೆ ಹೋಗಿ ಸರೋವರದ ನಕಾಶಿ ಇಸ್ಕೊಂಡ ಬಾ. ಮಳಿ ಬರೂಹಂಗೈತಿ, ತೋಯಿಸ್ಕೋಬ್ಯಾಡ ಮತ್ತ!"

ಹೋದ. ದೊಡ್ಡದೊಂದು ನಕಾಶೆ ಕೊಟ್ಟರು. ದಾರಿಯಲ್ಲಿ ಮಳೆ ಹಿಡಿಯಿತು. ತೋಯಿಸಿಕೊಳ್ಳಬೇಡ ಅಂದಿದ್ದಳಲ್ಲ ತಾಯಿ! ನಕಾಶೆ ಬಿಚ್ಚಿದ, ತಲೆಯ ಮೇಲೆ ಹಿಡಿದ, ಒಂದು ಹನಿ ಮೈಗೆ ಬೀಳದ ಹಾಗೆ ಮನೆಗೆ ಬಂದ. ಬಣ್ಣವೆಲ್ಲ ಹರಿದು, ಇಟಲಿಯ ಸರೋವರಗಳು ಒಂದಕ್ಕೊಂದು ಕೂಡಿ, ಊರುಗಳನ್ನೆಲ್ಲ ಮುಳುಗಿಸಿಬಿಟ್ಟಿದ್ದವು.

"ಅಯ್ಯ ನನ್ನ ಹಣೆಬರಾ!" ಕಾಶವ್ವ ಹಣೆ ಬಡಿದುಕೊಂಡಳು. "ಹಂಗಲ್ಲೋ ಮಂಕ! ಸಣ್ಣಂಗ ಮಡಚಬೇಕು, ಪ್ಲಾಸ್ಟಿಕ್ ಚೀಲದಾಗ ಹಾಕಬೇಕು, ಬಾಯಿ ಗಟ್ಟಿ ಕಟ್ಟಿ ಅಂಗಿ ಒಳಗ ಎದಿಗೆ ಒತ್ತಿ ಹಿಡ್ಕೊಂಡ ಬರಬೇಕು!"

"ಆತ ಬಿಡ ಯವ್ವಾ, ಮುಂದ ಹಂಗ ಮಾಡ್ತೀನಿ," ಅಂದ ಅಡಿವೆಪ್ಪ.

ಮುಂದ ಹಂಗೇ ಮಾಡಿದ.

ಆ ಭಾನುವಾರ ಬಸಲಿಂಗಪ್ಪನವರು ಮಗಳನ್ನು ಕರೆದುಕೊಂಡು ಬಂದರು. ಯಾವ ಸರೋವರ ಮೊದಲು, ಯಾವುದು ಆಮೇಲೆ, ಎಲ್ಲೆಲ್ಲಿ ಇಳಿದುಕೊಳ್ಳುವುದು, ಕುಳಿತು ಮಾತಾಡಬೇಕಿತ್ತು. ಕಾಶವ್ವ ಚಹಾಕ್ಕೆ ನೀರಿಟ್ಟು ಮಗನಿಗೆ ಹೇಳಿದಳು. "ಲಗೂನ ಹೋಗಿ ಬಿಸಿ ಬಿಸಿ ಮಿರ್ಚಿ ಭಜಿ ತಗೊಂಡ ಬಾ!"

ಕಾಯುವ ಎಣ್ಣೆಯಿಂದ ಆಗತಾನೇ ತೆಗೆದ ಭಜಿ. ಅಡಿವೆಪ್ಪ ಒಂದೊಂದನ್ನೂ ಸಣ್ಣದಾಗಿ ಮಡಚಿದ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿದ. ಬಾಯಿ ಗಟ್ಟಿ ಕಟ್ಟಿದ. ಅಂಗಿಯ ಒಳಗೆ ಇಟ್ಟು ಎದೆಗೆ ಒತ್ತಿ ಹಿಡಿದ. "ಹಾ! ಹೂ! ಸತ್ನೋ!" ಅನ್ನುತ್ತ ಓಣಿಯುದ್ದಕ್ಕೂ ಕುಣಿಯುತ್ತ ಬಂದು ಬೀಗರ ಮುಂದೆ ನಿಂತ. ಅಂಗಿ ಬಿಚ್ಚಿದರೆ ಎದೆ ಕೆಂಪಗಾಗಿತ್ತು, ಭಜಿ ಹಿಟ್ಟಾಗಿತ್ತು.

ಬಸಲಿಂಗಪ್ಪ ಕೆಮ್ಮಿದರು. ಸುಮಂಗಲಾ ಎದ್ದು ಹೋಗಿ ಕೊಬ್ಬರಿ ಎಣ್ಣೆ ಎಲ್ಲಿದೆ ಅಂತ ಕೇಳಿದಳು.

ಬೀಗರು ಹೋದ ಮೇಲೆ ಕಾಶವ್ವನ ಸಿಟ್ಟು ನೆತ್ತಿಗೇರಿತು. "ನಿನ್ನ ಬುದ್ಧಿಗೆ ಬೆಂಕಿ ಹಾಕ! ಬಿಸಿ ವಸ್ತು ಯಾರರೆ ಎದಿಗೆ ಹಚ್ಕೋತಾರೇನ? ತಾಟಿನ್ಯಾಗ ಹರವಬೇಕು, ಫ್ಯಾನಿನ ಕೆಳಗ ಇಡಬೇಕು, ಊದಿ ಊದಿ ಆರಿಸಬೇಕು!"

"ಆತ ಬಿಡ ಯವ್ವಾ, ಮುಂದ ಹಂಗ ಮಾಡ್ತೀನಿ."

ಮುಂದ ಹಂಗೇ ಮಾಡಿದ.

ಮರುವಾರ ವೀಸಾದ ಕೆಲಸ ಬಂತು. ಪಾಸ್‌ಪೋರ್ಟು, ಲೈಸೆನ್ಸು, ಬ್ಯಾಂಕಿನ ಕಾಗದ, ಎಲ್ಲದರ ಜೆರಾಕ್ಸ್ ತೆಗೆಸಿ ಟ್ರಾವೆಲ್ಸಿನವರಿಗೆ ಕೊಡಬೇಕು. ಅಡಿವೆಪ್ಪ ಜೆರಾಕ್ಸ್ ಅಂಗಡಿಗೆ ಹೋದ. ಯಂತ್ರದಿಂದ ಬಂದ ಕಾಗದ ಮುಟ್ಟಿ ನೋಡಿದ. ಬಿಸಿ ಇದೆ!

ಪಕ್ಕದ ಚಹಾದ ಅಂಗಡಿಗೆ ಹೋಗಿ ತಾಟು ಕೇಳಿದ. ಕಾಗದಗಳನ್ನು ತಾಟಿನಲ್ಲಿ ಹರವಿದ. ಫ್ಯಾನಿನ ಕೆಳಗಿಟ್ಟ. ಇಷ್ಟು ಸಾಲದು ಅಂತ ಬಗ್ಗಿ ಊದಿದ. ಒಂದು ಕಾಗದ ಹಾಲಿನ ಪಾತೆಲೆಗೆ ಬಿತ್ತು. ಇನ್ನೊಂದು ಬಸ್ಸಿನ ಕಿಟಕಿಯಲ್ಲಿ ಹೊಕ್ಕು ಕಲಘಟಗಿಗೆ ಹೋಯಿತು. ಬ್ಯಾಂಕಿನ ಕಾಗದವನ್ನು ಬೀದಿಯ ಆಕಳು ನಿಧಾನವಾಗಿ ಅಗಿದು ತಿಂದಿತು. ಅಡಿವೆಪ್ಪ ಖಾಲಿ ತಾಟು ಹಿಡಿದು ಮನೆಗೆ ಬಂದ.

"ಆರಿದವ ಯವ್ವಾ," ಅಂದ.

ಕಾಶವ್ವ ಆ ತಾಟಿನಿಂದಲೇ ಅವನಿಗೊಂದು ಬಾರಿಸಿದಳು. "ಹಾರೂ ವಸ್ತುಕ್ಕ ಗಾಳಿ ಹಾಕ್ತೀಯೇನೋ ಖೋಡಿ! ಹಾರಾಡೂದು ಕಂಡ್ರ ಮ್ಯಾಲೊಂದು ಕಲ್ಲ ಹೇರಬೇಕು! ಭಾರಾದ್ದು! ಅಳ್ಳಾಡಬಾರದು!"

"ಆತ ಬಿಡ ಯವ್ವಾ, ಮುಂದ ಹಂಗ ಮಾಡ್ತೀನಿ."

ಕಾಶವ್ವ ತಾನೇ ಓಡಾಡಿ ಕಾಗದ ಮಾಡಿಸಿದಳು. ಈ ಗುಟ್ಟು ಧಾರವಾಡಕ್ಕೆ ಮುಟ್ಟದಿರಲಿ ಅಂತ ಚಹಾದ ಅಂಗಡಿಯವನ ಕಾಲೂ ಹಿಡಿದಳು. ಆದರೆ ಬಸಲಿಂಗಪ್ಪನವರ ಮನಸ್ಸಿನಲ್ಲಿ ಭಜಿಯ ದಿನದಿಂದಲೇ ಹುಳ ಹೊಕ್ಕಿತ್ತು. ಅವರು ಹೇಳಿ ಕಳಿಸಿದರು. "ಇಟಲಿ ಇರಲಿ, ಮೊದಲ ನಮ್ಮೂರ ಕೆರಿ ಸುತ್ತಿಸಿ ತೋರಸ್ಲಿ. ಛಲೋ ಸುತ್ತಿಸಿದ್ರ ಮದುವಿ, ಇಲ್ಲಾಂದ್ರ ಇಲ್ಲ."

ಕೆರೆಯ ದಂಡೆಯ ರಸ್ತೆ. ಮುಂದೆ ಅಡಿವೆಪ್ಪ, ಅವನ ಬಾಜೂ ಸುಮಂಗಲಾ, ಹಿಂದೆ ಬಸಲಿಂಗಪ್ಪ ಮತ್ತು ಕಾಶವ್ವ. ಕಾಶವ್ವ ಮನಸ್ಸಿನಲ್ಲಿ ಎಲ್ಲ ದೇವರ ಹೆಸರು ಒಂದು ಸುತ್ತು ಹೇಳಿ ಮುಗಿಸಿದ್ದಳು. ಕಾರು ಬೆಣ್ಣೆಯ ಹಾಗೆ ಹೋಗುತ್ತಿತ್ತು. ಬಸಲಿಂಗಪ್ಪನವರ ಮುಖ ಸಡಿಲಾಯಿತು. ಸುಮಂಗಲಾ ಕಿಟಕಿಯ ಗಾಜು ಇಳಿಸಿದಳು. ಗಾಳಿ ಬಂತು. ಸೆರಗು ಹಾರಾಡಿತು.

ಅಡಿವೆಪ್ಪ ಗಕ್ಕನೆ ಬ್ರೇಕು ಹಾಕಿದ. ಇಳಿದ. ದಂಡೆಯ ಮೇಲೆ ಹುಡುಕಾಡಿ, ಅಳ್ಳಾಡದಂಥ ಭಾರದ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ತಂದ. ಸೆರಗು ಹಿಡಿದು ಮಡಚಿ ಅವಳ ತೊಡೆಯ ಮೇಲಿಟ್ಟ, ಅದರ ಮೇಲೆ ಕಲ್ಲು ಹೇರಿದ.

"ಇನ್ನ ಹಾರೂದಿಲ್ಲ," ಅಂದ.

"ಸಾಕ್ರೀ!" ಬಸಲಿಂಗಪ್ಪ ಒದರಿದರು. "ಈ ಸಂಬಂಧ ಸಾಕು! ಇಳಿ ಸುಮ್ಮಿ, ಮನಿಗೆ ನಡಿ!"

"ಹೆಂಗ ಇಳೀಲಪ್ಪಾ? ತೊಡಿ ಮ್ಯಾಲೆ ಕಲ್ಲೈತಿ," ಅಂದಳು ಸುಮಂಗಲಾ. ಆಮೇಲೆ ಅಡಿವೆಪ್ಪನನ್ನು ನೋಡಿ ನಕ್ಕಳು. "ಶಾಣ್ಯಾ ಗಂಡುಗಳನ್ನ ಭಾಳ ಮಂದಿ ನೋಡೀನಿ. ಏನ್ ಹೇಳಿದ್ರೂ ಹೂಂ ಅಂತಿದ್ರು, ಒಂದೂ ಮಾಡ್ತಿರಲಿಲ್ಲ. ಇವರಿಗೆ ಹೇಳಿದ್ದು ಮುಟ್ಟತೈತಿ. ನಾ ಇವರನ್ನ ಮದುವಿ ಆಗಾಕಿ. ಮೊದಲ ಈ ಕಲ್ಲ ತಗೀರಿ."

ಕಲ್ಲು ತೆಗೆದರು. ಮದುವೆಯೂ ಆಯಿತು. ಕಾಶವ್ವನಿಗೆ ಅಕ್ಷತೆ ಬೀಳುವ ತನಕ ನಂಬಿಕೆ ಇರಲಿಲ್ಲ, ಬಿದ್ದ ಮೇಲೆ ಕಣ್ಣೀರು ನಿಲ್ಲಲಿಲ್ಲ.

ಇಟಲಿಗೆ ಹೊರಡುವ ದಿನ ಅವಳು ಮಗನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿಕೊಂಡಳು. "ಕೇಳಿಲ್ಲಿ ಅಡಿವ್ಯಾ. ತೊಡಿ ಮ್ಯಾಲೆ ಕಲ್ಲ ಹೇರಿದ್ರೂ ನಕ್ಕಾಕಿ ಆಕಿ. ಬ್ಯಾರೆ ಯಾರರೆ ಆಗಿದ್ರ ಅದ ಕಲ್ಲಿಲೆ ನಿನ್ನ ತಲಿ ಒಡೀತಿದ್ಲು. ಆಕಿನ್ನ ದೇವರ ಹಂಗ ನೋಡ್ಕೋ! ಇನ್ನ ಸರೋವರ ಸುತ್ತೂದಂದ್ರ ನಡುನಡುವ ಗಾಡಿ ನಿಂದ್ರಿಸಿ ಕಲ್ಲ ಹುಡುಕೂದಲ್ಲ. ಗುಡಿ ಸುತ್ತಿದಂಗ ಭಕ್ತಿಲೆ ಸುತ್ತಬೇಕು! ತಿಳೀತ?"

"ತಿಳೀತ ಯವ್ವಾ. ಹಂಗ ಮಾಡ್ತೀನಿ."

ಹೋದರು. ಹದಿನೈದು ದಿನದ ಪ್ರವಾಸ. ಕಾಶವ್ವ ಬಹಳ ವರ್ಷಗಳ ಮೇಲೆ ಕಾಲು ಚಾಚಿ ಮಲಗಿದಳು. ನಾಲ್ಕನೆಯ ದಿನ, ಗಣೇಶ ಚೌತಿಯ ಮುಂಜಾನೆ, ಯಾರೋ ಬಾಗಿಲು ಬಡಿದರು. ತೆಗೆದು ನೋಡಿದರೆ ಅಡಿವೆಪ್ಪ. ಒಬ್ಬನೇ.

"ಸುಮಂಗಲಾ ಎಲ್ಲೋ?"

"ಅಲ್ಲೇ ಅದಾಳಲ್ಲ."

"ಎಲ್ಲಿ?"

"ಸರೋವರದಾಗ."

ಕಾಶವ್ವ ಬಾಗಿಲು ಹಿಡಿದುಕೊಂಡಳು.

"ನಡುವ ಒಂದ ನಡುಗಡ್ಡಿ ಐತಿ ಯವ್ವಾ," ಅಂದ ಅಡಿವೆಪ್ಪ ನಿಧಾನವಾಗಿ. "ಭಾರಿ ಚಂದ. ದೇವರು ನಡುವ ಇರಬೇಕಲ್ಲ. ದೋಣ್ಯಾಗ ಕರ್ಕೊಂಡು ಹೋಗಿ ಅಲ್ಲಿ ಕುಂದ್ರಿಸಿದೆ. ಹೂವಿನ ಮಾಲಿ ಹಾಕಿದೆ. ಕಾಯಿ ಸಿಗಲಿಲ್ಲ, ಒಂದ ಗೊನಿ ದ್ರಾಕ್ಷಿ ಇಟ್ಟೆ. ಎಲ್ಲಿ ಹೊಂಟ್ರಿ ಅಂದ್ಲು. ಇಲ್ಲೇ ಒಂದ ಸುತ್ತ ಅಂದೆ. ದಂಡಿಗೆ ಬಂದು ಬೂಟು ಬಿಚ್ಚಿ ಬಾಡಿಗಿ ಕಾರ್ ಹತ್ತಿದೆ. ದೇವರನ್ನ ಬಲಕ್ಕಿಟ್ಕೊಂಡು ಮೂರ ಪ್ರದಕ್ಷಿಣಿ ಹಾಕಿದೆ, ನಡುವ ಎಲ್ಲೂ ನಿಂದ್ರಲಿಲ್ಲ. ದಂಡಿ ಮ್ಯಾಲೆ ಉದ್ದಕ್ಕ ಬಿದ್ದು ನಮಸ್ಕಾರ ಮಾಡಿದೆ. ಎರಡ ನಿಮಿಷ ಕುಂತೆ. ಮನಿಗೆ ಬಂದೆ."

"ಆಕಿನ್ನ ಬಿಟ್ಟು?"

"ಗುಡಿಗೆ ಹೋದವರು ದೇವರನ್ನ ಹೊತ್ಕೊಂಡು ಮನಿಗೆ ಬರ್ತಾರೇನ ಯವ್ವಾ?"

ಕಾಶವ್ವ ಸೊಸೆಗೆ ಫೋನು ಹಚ್ಚಿದಳು. ಬಸಲಿಂಗಪ್ಪನವರ ಮುಖ ಕಣ್ಣ ಮುಂದೆ ಬಂತು. ಆ ಕಡೆಯಿಂದ ಸುಮಂಗಲಾ ಆರಾಮಾಗಿ ಮಾತಾಡಿದಳು. "ಮನಿ ಮುಟ್ಟಿದರೇನ್ರಿ ಅತ್ತೀ? ಮುಟ್ಟಿದ್ರ ಸಾಕು. ಮೂರ ಸಲ ದಂಡಿ ಮ್ಯಾಲೆ ಹಾದು ಹೋಗೂದು ಕಂಡಿತ್ರಿ, ಕೈ ಮಾಡಿದೆ, ಕೈ ಮುಗದ್ರು. ನನಗ ರಜಾ ಇನ್ನೂ ಐತಿ. ಬಸ್ಸು ಅದಾವ, ದೋಣಿ ಅದಾವ, ನೋಡ್ಕೊಂಡ ಬರ್ತೀನಿ."

"ತಿರುಗಿ ನಮ್ಮನಿಗೇ ಬರ್ತೀಯಲ್ಲವ್ವಾ?"

"ಕರಿಯಾಕ ಬಂದ್ರ ಬರ್ತೀನ್ರಿ," ಅಂದು ಸುಮಂಗಲಾ ಫೋನು ಇಟ್ಟಳು.

ಕಾಶವ್ವ ಮಗನ ಕಡೆ ತಿರುಗಿದಳು. ಹೊರಗೆ ಓಣಿಯ ಹುಡುಗರು ಡೊಳ್ಳು ಬಡಿಯುತ್ತ ಗಣಪತಿಯನ್ನು ತರುತ್ತಿದ್ದರು. "ನೋಡಲ್ಲಿ, ನೋಡೋ ಹುಚ್ಚಪ್ಯಾಲಿ! ದೇವರನ್ನ ಮನಿಗೆ ತರೂದಿಲ್ಲ ಅಂತೀಯಲ್ಲ, ಅವರೇನ್ ಮಾಡಾಕತ್ತಾರ? ಹೆಂಗ ಮೆರಿಸಿ ತರಾಕತ್ತಾರ? ಆಕಿ ಬರೂ ದಿವಸ ಹೋಗಿ ಹಂಗ ಕರ್ಕೊಂಡ ಬಾ!"

"ಹಿಂಗ ಮೊದಲ ಹೇಳಬಾರದೇನ ಯವ್ವಾ? ಹಂಗ ಮಾಡ್ತೀನಿ."

ಹಂಗೇ ಮಾಡಿದ. ಸುಮಂಗಲಾ ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ಎದುರಿಗೆ ಬಾಳೆಕಂಬ ಕಟ್ಟಿದ ಟ್ರ್ಯಾಕ್ಟರು, ನಾಲ್ಕು ಡೊಳ್ಳು, ಒಂದು ಸನಾದಿ, ಗುಲಾಲು ಬಳಿದುಕೊಂಡ ಗಂಡ. ಒಂದು ಗಳಿಗೆ ನಿಂತು ನೋಡಿದಳು. ಹಿಂದೆ ಮುಂದೆ ನೋಡಿದಳು. ಓಡಿ ಹೋಗಲು ದಾರಿ ಇತ್ತು. ಚೀಲ ಅವನ ಕೈಗೆ ಕೊಟ್ಟು ಟ್ರ್ಯಾಕ್ಟರು ಹತ್ತಿದಳು.

ಕಾಶವ್ವ ಆರತಿ ಎತ್ತಿ ಸೊಸೆಯನ್ನು ಒಳಗೆ ಕರೆದುಕೊಂಡಳು. ಜೀವಮಾನದಲ್ಲಿ ಮೊದಲ ಸಲ ಮಗ ಹೇಳಿದ್ದನ್ನು ಸರಿಯಾಗಿ ಮಾಡಿದ್ದ. ಅವಳಿಗೆ ಸಂತೋಷ ತಡೆಯಲಾಗಲಿಲ್ಲ, ಅವನ ಗುಲಾಲಿನ ಗಲ್ಲ ಹಿಡಿದು ಮುದ್ದು ಮಾಡಿದಳು. ಸೊಸೆಗೆ ಉಣ್ಣಲು ಇಟ್ಟು ಒಳಗೆ ತುಪ್ಪ ತರಲು ಬಂದರೆ, ಅಡಿವೆಪ್ಪ ಹಿಂದೆಯೇ ಬಂದ.

"ಯವ್ವಾ, ಮನಿಗೆ ತಂದದ್ದಾತು. ಮೆರಿಸಿದ್ದಾತು. ಕೆರಿಗೆ ಬಿಡೂದು ಐದನೇ ದಿವಸಕ್ಕೋ, ಹನ್ನೊಂದನೇ ದಿವಸಕ್ಕೋ?"

ತುಪ್ಪದ ಡಬ್ಬಿ ಕಾಶವ್ವನ ಕೈಯಿಂದ ಜಾರಿ ಬಿತ್ತು. ಪಡಸಾಲೆಯಿಂದ ಸುಮಂಗಲಾ ಕೂಗಿ ಹೇಳಿದಳು.

"ಬಿಡೂದಾದ್ರ ಇಟಲ್ಯಾಗಿನ ಕೋಮೋ ಸರೋವರಕ್ಕ ಬಿಡಾಕ ಹೇಳ್ರಿ ಅತ್ತೀ. ಅದೊಂದ ನೋಡೂದು ಉಳದೈತಿ!"

ಕಾಶವ್ವ ತಿರುಗಿ ನೋಡುವಷ್ಟರಲ್ಲಿ ಅಡಿವೆಪ್ಪ ಚಪ್ಪಲಿ ಮೆಟ್ಟಿಕೊಂಡು ಟ್ರಾವೆಲ್ಸ್ ಆಫೀಸಿನ ಕಡೆ ಹೊರಟು ಹೋಗಿದ್ದ.